ಜೇಬಿಗೆ ಬಿದ್ದ ಗೋಲಿ

ಭಾವಮೈದುನನ ಕೈ ಅಂಗಿಯ ಜೇಬಿಗೆ ಹೋಗಿ ಬಂದದ್ದನ್ನು ಭಾವ ಓರೆಗಣ್ಣಲ್ಲೇ ಹಿಡಿದುಬಿಟ್ಟ. ಇಬ್ಬರೂ ಮನೆಯಲ್ಲಿದ್ದ, ಕಬ್ಬಿಣ ಕಡೆಯುವ ಪುಟ್ಟ ಲೇತಿನ ಬಾಲ್‌ಸ್ಕ್ರೂ ನಟ್ಟು ಬಿಚ್ಚಿ, ಅದು ಸ್ಕ್ರೂ ಮೇಲೆ ನುಣ್ಣಗೆ ಓಡಲೆಂದು ಒಳಗಿರುವ ಉಕ್ಕಿನ ಗೋಲಿಗಳನ್ನು ತೊಳೆದು ಗ್ರೀಸಿನಲ್ಲಿ ಮತ್ತೆ ಕೂರಿಸುತ್ತಿದ್ದರು. ಬೆಳಗಿನಿಂದ ಭಾವನೇ ಕೂರಿಸಿದಾಗೆಲ್ಲ ನಟ್ಟು ಬಿಗಿದುಕೊಂಡು, ಜಪ್ಪಯ್ಯ ಅಂದರೂ ತಿರುಗಿರಲಿಲ್ಲ.

"ಜೇಬು ತೋರ್ಸು."

"ಏನ್ ಭಾವ, ನನ್ ಮೇಲೇ ಅನುಮಾನಾನಾ?"

"ನಿಮ್ಮಕ್ಕನಾಣೆ, ತೋರ್ಸು!"

ಜೇಬಿನಿಂದ ಗ್ರೀಸು ಮೆತ್ತಿದ ಗೋಲಿಯೊಂದು ಹೊರಬಂತು. ಅವನು ಬಾಯಿ ತೆರೆಯುವ ಮೊದಲೇ ಭಾವಮೈದುನ ನಟ್ಟನ್ನು ಸ್ಕ್ರೂಗೆ ಏರಿಸಿ ಕೈಗಿತ್ತ. ಬೆರಳು ಸೋಕಿದ್ದೇ ತಡ, ಸಲೀಸಾಗಿ ತಿರುಗಿತು.

"ನೀವು ಸಂದಿಲ್ಲದ ಹಾಗೆ ತುಂಬ್ತಿದ್ರಿ. ಒಂದು ಗೋಲಿಯಷ್ಟು ಜಾಗ ಬಿಟ್ರೇನೇ ಮಿಕ್ಕಿದ್ದು ಉರುಳೋದು. ಬಾಯಲ್ಲಿ ಹೇಳಿದ್ರೆ ಕೇಳ್ತಿದ್ರಾ?"

ಭಾವ ನಟ್ಟನ್ನು ಆ ತುದಿಯಿಂದ ಈ ತುದಿಗೆ ಓಡಿಸಿ ನೋಡಿದ. ಮುಖ ಅರಳಿತು. ಆಮೇಲೆ ಮೆಲ್ಲಗೆ ಹೇಳಿದ:

"ಎಲ್ಲಾ ಸರಿ. ಎಲ್ಲಿ, ಆ ಇನ್ನೊಂದು ಜೇಬು ತೋರ್ಸು."