ವಾಸಪ್ಪನ ಏಟು

“ಹಾರ್ಟ್‌ಅಟ್ಯಾಕ್ ಅಂತ ಬರ್ದು ಮುಗಿಸ್ತೀರಾದ್ರೆ ನಾನು ಹೆಣ ಎತ್ತಕ್ಕೆ ಬಿಡಲ್ಲ ಸಾರ್,” ಎಂದು ಹೂವಮ್ಮ ಠಾಣೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದಳು. ಆ ಹಠಕ್ಕೇ ಗಂಡ ಜಟ್ಟಿಂಗಪ್ಪನ ಹೆಣ ದೊಡ್ಡಾಸ್ಪತ್ರೆಗೆ ಹೋಯಿತು. ವಾಸಪ್ಪ ಜೈಲಿಗೆ ಹೋದ.

ರಿಪ್ಪನ್‌ಪೇಟೆಯ ಆಟೋ ಸ್ಟ್ಯಾಂಡಿನಲ್ಲಿ ಪಾಳಿಯ ಜಗಳ. ವಾಸಪ್ಪ ಜಟ್ಟಿಂಗಪ್ಪನ ಕೆನ್ನೆಗೆ ಬಾರಿಸಿದ್ದನ್ನು ಇಡೀ ಪೇಟೆ ನೋಡಿತ್ತು. ಅಂದಿನಿಂದ ಜಟ್ಟಿಂಗಪ್ಪನಿಗೆ ಕತ್ತು ಹೊರಳುತ್ತಿರಲಿಲ್ಲ. ವಾರದ ನಂತರ ಒಂದು ಸಂಜೆ ನೋವು ಬಿಟ್ಟಿತು. ಹಾಯಾಗಿ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಈಗ ಮರಣೋತ್ತರ ಪರೀಕ್ಷೆಯ ವರದಿ ಸಿದ್ಧವಾಗಿತ್ತು. ಡಾಕ್ಟರು ಹೆಂಡತಿಯನ್ನೂ ಕರೆತರಲು ಹೇಳಿದ್ದರು. ಜೀಪಿನಲ್ಲಿ ಹೆಡ್‌ಕಾನ್‌ಸ್ಟೆಬಲ್ ಗಜಾನನ ಮಾತು ತೆಗೆದ.

“ವಾಸಪ್ಪ ಊಟ ಬಿಟ್ಟಿದಾನೆ ಹೂವಕ್ಕ. ಒಂದೇ ಏಟು ಸಾರ್ ಅಂತ ಅಳ್ತಾನೆ.”

“ಅಳ್ಲಿ. ನಮ್ಮನೆಯವ್ರಿಗೆ ಒಂದೇ ಸಾಕಾಯ್ತಲ್ಲ.”

ಗಜಾನನ ಮಾತು ಬದಲಿಸಿದ. “ನಿನ್ನೆ ನೀವು ನನ್ ಕತ್ತಿನ ಉಳುಕು ತೆಗ್ದಿದ್ದೇ ತೆಗ್ದಿದ್ದು, ರಾತ್ರಿ ಮಗು ಥರ ಮಲಗ್ದೆ. ನಮ್ ಸಾಹೇಬ್ರಿಗೂ ಹೇಳಿದೀನಿ. ಅವ್ರೂ ಬರ್ತಾರಂತೆ.”

ಹೂವಮ್ಮ ನಗಲಿಲ್ಲ. ಉಳುಕು ಎಂದು ಬಾಗಿಲಿಗೆ ಬಂದವರನ್ನು ಅವಳು ಸೂತಕದಲ್ಲೂ ವಾಪಸು ಕಳಿಸಿರಲಿಲ್ಲ, ಅಷ್ಟೆ.

ಡಾಕ್ಟರ್ ಸುಪ್ರಿಯಾ ಪರದೆಯನ್ನು ಅವರತ್ತ ತಿರುಗಿಸಿದರು. ಕಪ್ಪು ಚಿತ್ರದಲ್ಲಿ ಬಿಳಿ ಎಳೆಗಳು.

“ಸತ್ತವರ ರಕ್ತನಾಳಕ್ಕೆ ದ್ರವ ಬಿಟ್ಟು ಸ್ಕ್ಯಾನ್ ಮಾಡೋದು ಈಚೆಗೆ ಬಂದಿದ್ದು. ಮೊದಲಾಗಿದ್ರೆ ಇದು ಕಾಣ್ತಾ ಇರಲಿಲ್ಲ. ನೋಡಿ, ಕತ್ತಿನ ಹಿಂದೆ ಮೆದುಳಿಗೆ ಹೋಗೋ ನಾಳ ಹರಿದಿದೆ. ಮೆದುಳಿನ ಬುಡದಲ್ಲೆಲ್ಲ ರಕ್ತ.”

“ವಾಸಪ್ಪನ ಏಟೇ,” ಎಂದಳು ಹೂವಮ್ಮ. ಅವಳ ದನಿಯಲ್ಲಿ ಗೆಲುವಿತ್ತು.

“ಅಲ್ಲಮ್ಮ. ಆ ಏಟು ಬಿದ್ದು ವಾರ ಆಗಿತ್ತು. ಅಷ್ಟು ಹಳೆಯದಾಗಿದ್ರೆ ಹರಿದ ಅಂಚು ಮಾಯೋಕೆ ಶುರುವಾಗಿರೋದು. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಇದು ತೀರಾ ಹೊಸದು, ಸಾಯೋಕೆ ಕೆಲವೇ ಗಂಟೆ ಮುಂಚಿನದು. ಗದ್ದ ಹಿಡಿದು ಕತ್ತನ್ನ ಜೋರಾಗಿ ತಿರುಗಿಸಿದ್ರೆ, ಅಪರೂಪಕ್ಕೆ, ಹೀಗಾಗತ್ತೆ. ಆ ಸಂಜೆ ಅವರ ಹತ್ರ ಯಾರು ಬಂದಿದ್ರು?”

“ಯಾರೂ ಬಂದಿಲ್ಲ,” ಎಂದಳು ಹೂವಮ್ಮ. ಅದು ನಿಜವೇ ಆಗಿತ್ತು. “ಮನೇಲಿ ನಾನೊಬ್ಳೇ ಇದ್ದೆ.”

ಮಡಿಲಲ್ಲಿದ್ದ ಅಂಗೈಗಳನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಗೋಡೆಗೊರಗಿ ನಿಂತಿದ್ದ ಗಜಾನನನ ಕೈ ಮೆಲ್ಲಗೆ ತನ್ನ ಕತ್ತಿಗೆ ಹೋಯಿತು.