ಮಾತು ಕೇಳಿಸಿದ ಹಾಡು

ವೇದಿಕೆಯ ಪರದೆ ಸಂದಿಯಿಂದ ಇಣುಕಿದ ‘ಕಿರುಚಿ’ ಥಟ್ಟನೆ ಹಿಂದೆ ಸರಿದಳು. “ಅಯ್ಯೋ, ಅಪ್ಪ ಬಂದಿದ್ದಾರೆ ಕಣೇ! ಎರಡನೇ ಸಾಲಲ್ಲಿ, ಇಸ್ತ್ರಿ ಅಂಗಿ ಹಾಕ್ಕೊಂಡು ಕೂತಿದ್ದಾರೆ!”

“ಒಳ್ಳೇದೇ ಆಯ್ತಲ್ಲ,” ಎಂದಳು ಪಿಟೀಲು ನುಡಿಸುವ ಗೆಳತಿ, ತಂತಿ ಬಿಗಿ ಮಾಡುತ್ತ. “ನೀನು ಹಾಡೋಕೆ ಶುರು ಮಾಡಿದ ಹನ್ನೊಂದು ವರ್ಷದಲ್ಲಿ ಒಂದು ಸಲವಾದ್ರೂ ಬಂದಿದ್ರಾ?”

“ಆಗ ಬಂದಿದ್ರೆ ಬಚಾವು. ಒಂದಕ್ಷರಾನೂ ಕೇಳಿಸ್ತಿರಲಿಲ್ಲ!”

ಅದು ನಿಜ. ಪಂಕ್ ಬ್ಯಾಂಡಿನಲ್ಲಿ ಗಂಟಲು ಹರಿಯುವಂತೆ ಕೂಗುತ್ತಿದ್ದದ್ದಕ್ಕೇ ಅವಳಿಗೆ ಆ ಅಡ್ಡಹೆಸರು. ಡ್ರಮ್ಸಿನ ಗದ್ದಲಕ್ಕೆ ಜನ ಕುಣಿದರೇ ಹೊರತು ಮಾತಿಗೆ ಕಿವಿಗೊಟ್ಟವರಿಲ್ಲ. ಇವತ್ತು ಮೊದಲ ಸಲ ಅದನ್ನೆಲ್ಲ ಬಿಟ್ಟು, ಬರೀ ಮರದ ಗಿಟಾರು, ಪಿಟೀಲು ಇಟ್ಟುಕೊಂಡು, ತನ್ನ ಹಾಡುಗಳನ್ನು ಜಾನಪದ ಧಾಟಿಯಲ್ಲಿ ಹಾಡುವವಳಿದ್ದಳು. ಮೊದಲನೆಯದೇ ‘ಬೀಗ’. ಹದಿನೇಳನೇ ವಯಸ್ಸಿನಲ್ಲಿ ಅರ್ಧ ತಲೆ ಬೋಳಿಸಿಕೊಂಡು ಬಂದ ಮಗಳಿಗೆ ಬಾಗಿಲು ತೆಗೆಯದ, ಬೀಗ ರಿಪೇರಿ ಮಾಡುವ ಅಪ್ಪನ ಮೇಲೆ ಕಟ್ಟಿದ್ದು.

“ಅದೊಂದನ್ನ ಬಿಟ್ಟುಬಿಡೋಣ್ವಾ?” ಎಂದಳು ಗೆಳತಿ.

“ಇಲ್ಲ. ಹಾಡೋದೇ!” ಕಿರುಚಿ ಗಿಟಾರು ಹೆಗಲಿಗೇರಿಸಿ ವೇದಿಕೆಗೆ ನಡೆದಳು.

ಮೊದಲ ಸಾಲಿಗೇ ಸಭಾಂಗಣ ಗಪ್‌ಚಿಪ್ಪಾಯಿತು. ತನ್ನ ದನಿ ಕೊನೆಯ ಗೋಡೆ ಮುಟ್ಟುವುದು ಅವಳಿಗೇ ಕೇಳಿಸಿತು. ‘ಊರ ಬೀಗವ ತೆಗೆವ ಕೈಯೇ, ನಿನ್ನ ಮನೆಯದ ತೆಗೆಯಲಾರೆಯಾ?’ ಎಂಬ ಪಲ್ಲವಿಯನ್ನು ಎರಡನೇ ಸಲಕ್ಕೇ ಜನ ಹಿಡಿದುಕೊಂಡರು. ಕರಿ ಅಂಗಿಯ ಹಳೇ ಅಭಿಮಾನಿಗಳೂ ಎದ್ದು ನಿಂತು ದನಿಗೂಡಿಸಿದರು. ಅಪ್ಪ ಒಬ್ಬರೇ ತಲೆ ತಗ್ಗಿಸಿ ಕೂತಿದ್ದರು.

ವಿರಾಮದಲ್ಲಿ ಅವರು ನೇರ ವೇದಿಕೆಯ ಹಿಂದಕ್ಕೇ ಬಂದರು.

“ಅಪ್ಪಾ, ಅದು…” ಎಂದು ತೊದಲಿದಳು ಕಿರುಚಿ.

“ಹಾಡು ಚೆನ್ನಾಗಿದೆ. ಆದ್ರೆ ಅರ್ಧಕ್ಕೇ ನಿಲ್ಲಿಸಿದ್ದೀಯ.”

“ಇನ್ನೇನಿತ್ತು?”

“ನೀನು ಹೊರಗಡೆ ಬಾಗಿಲು ಬಡೀತಿದ್ಯಲ್ಲ, ಒಳಗಡೆ ನಾನು ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ ಕಣಮ್ಮ. ಅಳ್ತಿದ್ದೆ. ಹಾಳು ಜಂಬ, ಏಳೋಕೆ ಬಿಡಲಿಲ್ಲ. ಎದ್ದು ತೆಗೆದಾಗ ನೀನು ಬೀದಿ ತಿರುವಲ್ಲೂ ಕಾಣಲಿಲ್ಲ.”

ಗೆಳತಿ ಪಿಟೀಲನ್ನು ಮೆಲ್ಲಗೆ ಕೆಳಗಿಟ್ಟಳು. ಹೊರಗೆ ಸಭಾಂಗಣದಲ್ಲಿ ಜನ ಕಾಲು ಕುಟ್ಟುತ್ತ ಆ ‘ಬೀಗ’ದ ಪಲ್ಲವಿಯನ್ನೇ ಹಾಡುತ್ತಿದ್ದರು. ಕಿರುಚಿ ಅಂಗೈಯಿಂದ ಕಣ್ಣೊರೆಸಿಕೊಂಡು ಹಾಡುಗಳ ಪಟ್ಟಿಯನ್ನು ಬೋರಲು ಹಾಕಿದಳು. ಹಿಂಬದಿ ಪೂರ್ತಿ ಖಾಲಿಯಿತ್ತು.

“ಇನ್ನೊಂದ್ಸಲ ಹೇಳಿ ಅಪ್ಪಾ,” ಎಂದಳು ಪೆನ್ನು ಹಿಡಿದು. “ನಿಧಾನವಾಗಿ.”