ಅಜ್ಜನ ಕಿಲ್ಟಿನ ಒಳಗಿದ್ದ ಹೆಸರುಗಳು

ಗಂಟೆ ಒಂಬತ್ತೂವರೆ... ಹನ್ನೊಂದಕ್ಕೆ ಮೆರವಣಿಗೆ. ಲಾಕ್ಲನ್ ಮಕಾಸ್ಕಿಲ್ ಸಾಹೇಬರಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ!

ಕೆನಡಾದ ಪೂರ್ವ ಕರಾವಳಿಯ ಪುಟ್ಟ ಊರು ಅದು. ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದವರು ಕಾಡು ಕಡಿದು, ಸೇತುವೆ ಕಟ್ಟಿ, ಶಾಲೆ ತೆರೆದು ಎಬ್ಬಿಸಿದ ಊರು.

ಪ್ರತಿ ಜುಲೈನಲ್ಲಿ ಅವರ ವಂಶದವರು ಬ್ಯಾಗ್‌ಪೈಪ್ ಊದಿಕೊಂಡು ಹಬ್ಬ ಮಾಡುತ್ತಾರೆ. ಈ ಸಲ 'ಊರಿನ ಹೆಮ್ಮೆ' ಪದಕ ನಮ್ಮ ಸಾಹೇಬರಿಗೆ... ಮರದ ಮಿಲ್ ಕಟ್ಟಿ ಮುನ್ನೂರು ಮನೆಗೆ ಅನ್ನದ ದಾರಿ ಮಾಡಿದವರು, ಸುಮ್ಮನೆ ಅಲ್ಲ.

ಪದಕ ಪಡೆಯುವವರು ಮನೆತನದ ಕಿಲ್ಟ್ ಉಟ್ಟು ಮೆರವಣಿಗೆಯ ಮುಂದೆ ನಡೆಯಬೇಕು. ಕಿಲ್ಟ್ ಎಂದರೆ ಸ್ಕಾಟಿಷ್ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ನಿರಿಗೆಯ ಚೌಕಳಿ ಉಡುಪು.

ಪೆಟ್ಟಿಗೆಯಿಂದ ಅಜ್ಜನ ಕಿಲ್ಟ್ ತೆಗೆದು ಸುತ್ತಿಕೊಂಡರೆ... ಪಟ್ಟಿ ಬಕಲ್‌ನಿಂದ ನಾಲ್ಕು ಬೆರಳು ದೂರದಲ್ಲೇ ನಿಂತುಬಿಟ್ಟಿತು! ಅಜ್ಜ ಮರ ಕಡಿದವರು, ಮೊಮ್ಮಗ ಕುರ್ಚಿಯಲ್ಲಿ ಕೂತವರು. ಹೊಟ್ಟೆ ಸುಳ್ಳು ಹೇಳುತ್ತದೆಯೇ?

ಕಿಲ್ಟ್ ಹೊಲಿಯುತ್ತಿದ್ದ ಮೊರಾಗ್ ಅಜ್ಜಿ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಈಗ ಅಂಗಡಿ ನಡೆಸುತ್ತಿರುವುದು ಅವರ ಹತ್ತಿರ ಒಂಬತ್ತು ವರ್ಷ ಕಲಿತ ಪಂಕಜಾಕ್ಷಿ... ನಮ್ಮ ಅರಸೀಕೆರೆಯ ಹೆಣ್ಣುಮಗಳು.

ಅಲ್ಲಿಗೆ ಹೋಗಲು ಸಾಹೇಬರಿಗೆ ಮುಖವಿರಲಿಲ್ಲ.

ಮೆರವಣಿಗೆಯಲ್ಲಿ ಕಸುಬುದಾರರ ಸಾಲು ಅಂತ ಒಂದಿದೆ. ಮೊರಾಗ್ ಅಜ್ಜಿ ತಮ್ಮ ಕತ್ತರಿ ಹಿಡಿದು ಅದರಲ್ಲಿ ನಡೆಯುತ್ತಿದ್ದರು. ಅವರ ಜಾಗದಲ್ಲಿ ನಡೆಯಲು ಅವಕಾಶ ಕೊಡಿ ಎಂದು ಪಂಕಜಾಕ್ಷಿ ಅರ್ಜಿ ಹಾಕಿದ್ದರು.

"ಪರಂಪರೆ ರಕ್ತದಲ್ಲಿ ಬರ್ಬೇಕು ರೀ, ಅಂಗಡೀಲಿ ಕಲಿತ್ರೆ ಬರಲ್ಲ" ಎಂದು ಹಬ್ಬದ ಸಮಿತಿಯಲ್ಲಿ ಹೇಳಿದವರು ಇದೇ ಸಾಹೇಬರು. ತಿರಸ್ಕಾರದ ಪತ್ರಕ್ಕೆ ಸೈನ್ ಹಾಕಿದವರೂ ಇವರೇ!

ಆದರೆ ಬೇರೆ ದಾರಿ ಇರಲಿಲ್ಲ. ಹೋದರು.

"ಉಟ್ಕೊಂಡು ಬನ್ನಿ ಸರ್, ಅಳತೆ ನೋಡ್ತೀನಿ" ಎಂದರು ಪಂಕಜಾಕ್ಷಿ. ಮುಖದಲ್ಲಿ ನಗುವಿರಲಿಲ್ಲ.

ಸಾಹೇಬರು ಪರದೆಯ ಹಿಂದಿನಿಂದ ಹೊರಗೆ ಬಂದಾಗ ಮಾತ್ರ ಪಂಕಜಾಕ್ಷಿಗೆ ನಗು ತಡೆಯಲಾಗಲಿಲ್ಲ.

"ನಿರಿಗೆ ಹಿಂದಕ್ಕೆ ಬರ್ಬೇಕು ಸರ್! ನಾನೂ ಮೊದಲ್ನೇ ದಿನ ಸೀರೆ ಅಂದ್ಕೊಂಡು ಗೊಂಬೆಗೆ ಮುಂದಕ್ಕೇ ಉಡ್ಸಿದ್ದೆ... ಮೊರಾಗ್ ಅಮ್ಮ ಬಿದ್ದು ಬಿದ್ದು ನಕ್ಕಿದ್ರು."

ಇಷ್ಟು ವರ್ಷ ಸೂಟಿನಲ್ಲೇ ಹಬ್ಬ ಮಾಡಿದ ಸಾಹೇಬರ ಕಿವಿ ಕೆಂಪಾಯಿತು. ಗಡಿಯಾರ ನೋಡಿದರು. ಹತ್ತು ಗಂಟೆ... ಅದರ ಕೆಳಗೆ ಮೊಳೆಗೆ ಸಿಕ್ಕಿಸಿದ್ದ ಪತ್ರದಲ್ಲಿ ಅವರದೇ ಸೈನ್ ಕಾಣಿಸಿತು.

"ನನ್ ಮೇಲೆ ಕೋಪ ಇಲ್ವಾ?"

"ಇದೆ ಸರ್. ಆದ್ರೆ ಕೋಪಕ್ಕೂ ಕಿಲ್ಟ್‌ಗೂ ಏನ್ ಸಂಬಂಧ? ಉಸಿರು ಬಿಗಿ ಹಿಡೀಬೇಡಿ, ಅಳತೆ ತಪ್ಪುತ್ತೆ."

ಪಟ್ಟಿ ಜರುಗಿಸಲು ಒಳಗಿನ ಲೈನಿಂಗ್ ಬಿಚ್ಚಬೇಕಿತ್ತು. ಸಾಹೇಬರು ಮತ್ತೆ ಪ್ಯಾಂಟ್ ಹಾಕಿಕೊಂಡು ಅಂಗಡಿಯ ಉದ್ದಗಲ ಅಳೆಯತೊಡಗಿದರು. "ಆಯ್ತಾ? ಆಯ್ತಾ?" ಎಂದು ಹತ್ತು ಸಲ ಕೇಳಿದರು.

ಇದ್ದಕ್ಕಿದ್ದಂತೆ ಕತ್ತರಿಯ ಸದ್ದು ನಿಂತಿತು.

"ಸರ್... ಇಲ್ಲಿ ಬನ್ನಿ."

ಹೊಲಿದವರು ತಮ್ಮ ಹೆಸರನ್ನೂ ಕಲಿಸಿದವರ ಹೆಸರನ್ನೂ ಲೈನಿಂಗಿನ ಒಳಗೆ ದಾರದಲ್ಲಿ ಬರೆಯುವುದು ಆ ಊರಿನ ಪದ್ಧತಿ. ಮಾಸಿದ ದಾರದಲ್ಲಿ ಎರಡು ಸಾಲು ಇತ್ತು.

'ಹೊಲಿದವಳು: ರೋಸಲೀ. ಕಲಿಸಿದವಳು: ಫ್ಲೋರಾ ಮಕಾಸ್ಕಿಲ್.'

ಫ್ಲೋರಾ... ಸಾಹೇಬರ ಅಜ್ಜನ ತಾಯಿ! ಹಡಗಿನಲ್ಲಿ ಬಂದವರು. ಆದರೆ ಈ ರೋಸಲೀ ಯಾರು?

"ಮೀನು ಮಾರೋಕೆ ಬರ್ತಿದ್ದ ಫ್ರೆಂಚ್ ಹುಡುಗಿ ಸರ್. ಮೊರಾಗ್ ಅಮ್ಮ ಹೇಳ್ತಿದ್ರು... ಫ್ಲೋರಾಜ್ಜಿಗೆ ಕಣ್ಣು ಹೋಯ್ತಂತೆ. ಮಗನಿಗೆ ಕಿಲ್ಟ್ ಹೊಲಿಯೋಕೆ ಆಗ್ಲಿಲ್ಲ. ಮನೇಲಿ ಕಲಿಯೋರೂ ಯಾರೂ ಇರ್ಲಿಲ್ಲ. ಆ ಹುಡುಗೀನೇ ಪಕ್ಕ ಕೂರಿಸ್ಕೊಂಡು, ಅವಳ ಬೆರಳು ಹಿಡಿದು, ಒಂದೊಂದೇ ನಿರಿಗೆ ಕಲಿಸಿದ್ರಂತೆ."

ಪಂಕಜಾಕ್ಷಿಯವರ ದನಿ ಸಣ್ಣಗಾಯಿತು.

"ರೋಸಲೀ ಮೊರಾಗ್ ಅಮ್ಮನಿಗೆ ಕಲಿಸಿದ್ರು. ಮೊರಾಗ್ ಅಮ್ಮ ನಂಗೆ. ಆ ಫ್ಲೋರಾಜ್ಜಿ ನಿಮ್ಮನೆಯವ್ರು ಅಂತ ನಂಗೂ ಇವತ್ತೇ ಗೊತ್ತಾಗಿದ್ದು ಸರ್."

ಸಾಹೇಬರು ಆ ಹೆಸರುಗಳ ಮೇಲೆ ಬೆರಳಾಡಿಸುತ್ತಾ ನಿಂತುಬಿಟ್ಟರು. ಗಡಿಯಾರ ಮರೆತೇಹೋಗಿತ್ತು.

"ಟೈಮಿಲ್ಲ, ಕಚ್ಚಾ ಹೊಲಿಗೆ ಹಾಕಿದೀನಿ" ಎಂದು ಪಂಕಜಾಕ್ಷಿಯೇ ಎಚ್ಚರಿಸಿದರು. "ಯಾವ ಕಾರಣಕ್ಕೂ ಬಗ್ಗಬೇಡಿ. ಸಂಜೆ ಬನ್ನಿ, ಗಟ್ಟಿ ಮಾಡ್ಕೊಡ್ತೀನಿ."

ಹನ್ನೊಂದಕ್ಕೆ ಸರಿಯಾಗಿ ಮೆರವಣಿಗೆ ಹೊರಟಿತು. ಮುಂದೆ ಸಾಹೇಬರು, ಹಿಂದೆ ಬ್ಯಾಂಡ್, ರಸ್ತೆಯ ಎರಡೂ ಬದಿ ಜನ.

ಟೈಲರ್ ಅಂಗಡಿಯ ಬಾಗಿಲಲ್ಲಿ ಪಂಕಜಾಕ್ಷಿ ನಿಂತಿದ್ದರು... ನೋಡಲು ಮಾತ್ರ.

ಸಾಹೇಬರು ತಟ್ಟನೆ ನಿಂತರು! ಇಪ್ಪತ್ತು ಬ್ಯಾಗ್‌ಪೈಪ್‌ಗಳು ಗಾಳಿ ಹೋಗಿ ಗೊಂಯ್ ಎಂದು ನರಳಿ ಸುಮ್ಮನಾದವು. ಜನ ಮುಖ ಮುಖ ನೋಡಿಕೊಂಡರು.

"ಮೊರಾಗ್ ಅಜ್ಜಿಯ ಕತ್ತರಿ ತಗೊಂಡು ಬನ್ನಿ. ಸಾಲಲ್ಲಿ ನಿಮ್ಮ ಜಾಗ ಖಾಲಿ ಇದೆ."

"ನನ್ ಅರ್ಜಿ ತಿರಸ್ಕಾರ ಆಗಿದೆಯಲ್ಲ ಸರ್..."

"ಸೈನ್ ಹಾಕಿದವನೇ ಬಂದು ಕರೀತಿದೀನಿ."

ಅಷ್ಟು ಹೇಳಿ, ಇಡೀ ಊರಿನ ಎದುರು ಆ ದೊಡ್ಡ ಮನುಷ್ಯ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಚಟ್ ಎಂದು ಒಂದು ದಾರ ಕಿತ್ತುಹೋಯಿತು!

"ಅಯ್ಯೋ, ಬಗ್ಗಬೇಡಿ ಅಂದಿರ್ಲಿಲ್ವಾ ಸರ್!" ಪಂಕಜಾಕ್ಷಿ ನಗುತ್ತಿದ್ದರು... ಕೆನ್ನೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು.

ಆ ದಿನ ಕಸುಬುದಾರರ ಸಾಲಿನಲ್ಲಿ ಕತ್ತರಿ ಹಿಡಿದು ಒಬ್ಬ ಅರಸೀಕೆರೆಯವಳು ನಡೆದಳು.

ಸಂಜೆ ಸಾಹೇಬರು ಮತ್ತೆ ಅಂಗಡಿಗೆ ಹೋದರು. "ರೋಸಲೀ ಹೆಸರಿನ ಕೆಳಗೆ ನಿಮ್ಮ ಹೆಸರೂ ಹೊಲೀರಿ" ಎಂದರು.

ಪಂಕಜಾಕ್ಷಿ ಸೂಜಿಗೆ ದಾರ ಪೋಣಿಸಿ, ಅಳುಕುತ್ತಲೇ ಕೇಳಿದರು. "ಕನ್ನಡದಲ್ಲಿ ಬರೀಲಾ ಸರ್?"

"ನಿಮ್ಮ ಹೆಸರಲ್ವಾ... ನಿಮ್ಮ ಅಕ್ಷರದಲ್ಲೇ ಇರ್ಲಿ."

ಕಲಿಯಲು ಬಂದವರ ಕೈಯಲ್ಲಿ ಪರಂಪರೆ ಬದುಕುತ್ತದೆ. ಪೆಟ್ಟಿಗೆಯೊಳಗೆ ಅದು ಬರೀ ಬಟ್ಟೆ.

ನಿಮ್ಮ ಮನೆಯ ಯಾವ ವಿದ್ಯೆ, ಯಾವ ಹಾಡು, ಯಾವ ಕೈರುಚಿ ಕಲಿಯುವವರಿಲ್ಲದೆ ಕಾಯುತ್ತಿದೆ... ಕಲಿಸಿ ಎಂದು ಬಾಗಿಲಿಗೆ ಬಂದವರನ್ನು ನೀವು ಒಳಗೆ ಕರೆದಿರಾ?